ಟೀವಿ ಮೇಲಿನ ಗುಮ್ಮಟ

ನಮ್ಮ ಪ್ರವಾಸದ ತಂಡಕ್ಕೆ ಅಡುಗೆ ಮಾಡಲು ಊರಿನಿಂದಲೇ ಬಂದವರು ಬಿಸಿಯಣ್ಣ. ಪಾತ್ರೆ ಹಿಡಿದು ಬರುವಾಗಲೆಲ್ಲ "ಬಿಸಿ, ಬಿಸಿ, ದಾರಿ ಬಿಡಿ" ಎನ್ನುತ್ತಿದ್ದುದರಿಂದ ಆ ಹೆಸರು. ಹನ್ನೊಂದು ವರ್ಷಗಳಲ್ಲಿ ಈ ದೇಶಕ್ಕೆ ಇದು ಅವರ ಹದಿನಾಲ್ಕನೆಯ ಪ್ರಯಾಣ. ಪ್ರತಿ ಸಲವೂ ಜನರು ಇಲ್ಲಿನ ಪ್ರಸಿದ್ಧ ಸ್ಮಾರಕವನ್ನು ನೋಡಲು ಹೋದರೆ, ಅವರು ಬಸ್ಸಿನ ಪಕ್ಕದಲ್ಲೇ ಉಳಿದು ಮಧ್ಯಾಹ್ನದ ಊಟವನ್ನು ಅಣಿಮಾಡುತ್ತಿದ್ದರು.

"ಒಳಗೆ ಹೋಗಿಲ್ಲ ಅಷ್ಟೇ ಸರ್. ಅದರ ಮುಂದೆ ನಿಂತು ತೆಗೆಸ್ಕೊಂಡ ಫೋಟೊ ದೊಡ್ಡದು ಮಾಡಿಸಿ ಟೀವಿ ಮೇಲೆ ಹಾಕಿದೀವಿ. ಮನೆಗೆ ಯಾರೇ ಬರಲಿ, ನಮ್ಮಾಕೆ ಮೊದಲು ಗುಮ್ಮಟ ತೋರಿಸ್ತಾಳೆ, ಆಮೇಲೆ ಕುರ್ಚಿ ತೋರಿಸ್ತಾಳೆ," ಎಂದು ನಿನ್ನೆ ಹೇಳಿ ನಕ್ಕಿದ್ದರು.

ಇಂದು ಹನ್ನೊಂದೂ ಕಾಲಿಗೆ ಬಸ್ಸು ನಿಂತಿತು. ನನ್ನ ಅಕ್ಕ ಇಳಿಯಲಿಲ್ಲ. "ನನ್ನ ಮಂಡಿ ಮುಷ್ಕರ ಹೂಡಿದೆ. ಬಿಸಿಯಣ್ಣ, ನನ್ನ ಟಿಕೆಟ್ ತಗೊಂಡು ನೀವು ಹೋಗಿ ಬನ್ನಿ. ಅನ್ನ ಎಲ್ಲೂ ಓಡಿ ಹೋಗಲ್ಲ, ನಾನು ಕಾಯ್ತೀನಿ," ಎಂದಳು.

ಎದುರಿಗೆ ಕಲ್ಲಿನ ಗುಮ್ಮಟದ ಕಟ್ಟಡವಿತ್ತು. ಬಿಸಿಯಣ್ಣ ಅದರ ಬಾಗಿಲಲ್ಲಿ ನಿಂತು ಕೈಮುಗಿದರು. ಒಳಗೆ ಆರು ಕಿಟಕಿಗಳು, ಟಿಕೆಟ್ಟಿನ ಸಾಲು, ಶೌಚಾಲಯದತ್ತ ಒಂದು ಬಾಣದ ಗುರುತು. ಒಬ್ಬಾತ ಒದ್ದೆ ಕೈ ಒರೆಸಿಕೊಳ್ಳುತ್ತ ಹೊರಬಂದ.

"ಇದೇನ್ ಸರ್, ಇದರೊಳಗೇ ಇದೆಲ್ಲ ಮಾಡಿಬಿಟ್ಟಿದಾರೆ?"

"ಇದು ಟಿಕೆಟ್ ಕೊಡೋ ಜಾಗ, ಬಿಸಿಯಣ್ಣ. ಸ್ಮಾರಕ ಇನ್ನೂ ಮುಂದಿದೆ."

ಹಿಂಬಾಗಿಲಿನಿಂದ ಹೊರಬಂದು ಮರಗಳ ಸಾಲು ದಾಟಿದಾಗ ಸ್ಮಾರಕ ಒಮ್ಮೆಲೇ ಎದುರಾಯಿತು. ಬಿಸಿಯಣ್ಣನ ಕಾಲುಗಳು ಅಲ್ಲೇ ನಿಂತವು. ಮುಖದ ಬಣ್ಣ ಇಳಿದುಹೋಗಿತ್ತು.

"ಎಲ್ಲಾರೂ ಆ ಬಾಗಿಲಲ್ಲೇ ಹೋಗೋರು, ಅಲ್ಲಿಂದಾನೇ ಹೊಗಳ್ಕೊಂಡು ಬರೋರು. ಕ್ಯಾಲೆಂಡರಲ್ಲಿರೋ ಚಿತ್ರ ಬೇರೆ ಥರ ಇತ್ತು. ಹಿಂದ್ಗಡೆಯಿಂದ ತೆಗ್ದಿರ್ತಾರೆ ಅಂದ್ಕೊಂಡ್ವಿ." ಧ್ವನಿ ತಗ್ಗಿಸಿ ಹೇಳಿದರು: "ಹನ್ನೊಂದು ವರ್ಷದಿಂದ ಟೀವಿ ಮೇಲೆ ಶೌಚಾಲಯದ ಮುಂದೆ ನಿಂತಿದೀನಿ ಸರ್. ಅವಳ ಮುಖ ಹೇಗೆ ನೋಡ್ಲಿ? ಬೀಗರಿಗೂ ತೋರಿಸಿದಾಳೆ."

ಮುಚ್ಚಿಡಬಹುದಿತ್ತು. ಆದರೆ ಅವರು ಅಲ್ಲೇ ನಿಂತು ಹೆಂಡತಿಗೆ ವಿಡಿಯೊ ಕರೆ ಮಾಡಿದರು.

"ಹಿಂದೆ ಅದೇನ್ರೀ ಅಷ್ಟೆತ್ತರ? ಚೆನ್ನಾಗಿದೆ," ಎಂದಿತು ಆ ಕಡೆಯ ದನಿ. "ಸ್ವಲ್ಪ ಪಕ್ಕಕ್ಕೆ ಬನ್ನಿ, ನಮ್ಮ ಗುಮ್ಮಟ ತೋರಿಸಿ."

"ಇದೇ ಕಣೇ ನಿಜವಾದ್ದು. ನಮ್ಮದು ಟಿಕೆಟ್ ಕಟ್ಟಡ."

ಕರೆ ಕಡಿದುಹೋಯಿತೇನೋ ಎಂದು ನಾನು ಮೊಬೈಲಿನತ್ತ ಬಗ್ಗಿ ನೋಡಿದೆ. ಆಕೆ ಅಲ್ಲೇ ಇದ್ದರು, ಬಾಯಿಗೆ ಸೆರಗು ಒತ್ತಿಕೊಂಡು.

"ಬೀಗರ ಮುಂದೆ ಬಾಯಿ ಬಿಟ್ರೆ ನೋಡಿ," ಎಂದರು ಕೊನೆಗೆ. "ಅದೇ ಅಳತೆಗೆ ಒಂದು ತೆಗೆಸ್ಕೊಂಡು ಬನ್ನಿ. ಫ್ರೇಮು ಇದ್ದೇ ಇದೆ."

ಮೂರು ಫೋಟೊ ತೆಗೆದೆ. ಒಂದರಲ್ಲೂ ಬಿಸಿಯಣ್ಣ ನನ್ನತ್ತ ನೋಡಿಲ್ಲ. ಮೂರು ಸಲವೂ ಹಿಂದಕ್ಕೆ ತಿರುಗಿ, ಸ್ಮಾರಕ ಇನ್ನೂ ಅಲ್ಲೇ ಇದೆಯೇ ಎಂದು ನೋಡುತ್ತಿದ್ದರು.