ಭಾನುವಾರದ ಫೋನು

ಮೈಸೂರಿನ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿದ್ದು ಓದಿ, ಆಮೇಲೆ ನೆದರ್ಲೆಂಡ್ಸಿಗೆ ಬಂದವರದೊಂದು ಸಂಘವಿದೆ. ಅದರ ಕಾರ್ಯದರ್ಶಿಯನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ಇಬ್ಬರು ಹಳೆಯ ರೂಮ್‌ಮೇಟುಗಳು ಇಲ್ಲಿನ ಮೊದಲ ಚಳಿಗಾಲದಲ್ಲಿ ಭಾನುವಾರ ಭಾನುವಾರ ಫೋನಿನಲ್ಲಿ ಊಟ ವಿಚಾರಿಸಿಕೊಂಡದ್ದೇ ಆ ಸಂಘದ ಚರಿತ್ರೆ. ಅಂದಿನಿಂದ, ಹೊಸದಾಗಿ ಬಂದ ಪ್ರತಿ ಹಾಸ್ಟೆಲ್ ಹುಡುಗಿಗೂ ಒಂದು ಚಳಿಗಾಲ ಪೂರ್ತಿ ಅಕ್ಕನ ಫೋನು ಬರುತ್ತಿತ್ತು.

ಇಲ್ಲಿನ ಯುಟ್ರೆಕ್ಟ್ ಊರಿನಲ್ಲಿ ನನ್ನ ಪಕ್ಕದ ಕೋಣೆಯ ಹುಡುಗಿ ಆ ಹಾಸ್ಟೆಲಿನವಳು. ನಮ್ಮಿಬ್ಬರದೂ ಒಂದೇ ಅಡುಗೆಮನೆ. ಅವಳನ್ನು ನೋಡಲು ಬಂದಾಗ ಅಕ್ಕ ಕೋಟು ಬಿಚ್ಚುವ ಮೊದಲೇ ಪಾತ್ರೆಗಳ ಮುಚ್ಚಳ ತೆಗೆದು ನೋಡುತ್ತಿದ್ದರು. "ಊಟ ಆಯ್ತಾ? ಸುಳ್ಳು ಹೇಳ್ಬೇಡ" ಎಂಬ ಅವರ ಮಾತನ್ನು ನಾನು ಅಣಕಿಸಿ ತೋರಿಸಿದರೆ ಗೆಳೆಯರು ಬಿದ್ದು ಬಿದ್ದು ನಗುತ್ತಿದ್ದರು. ಹುಡುಗಿಯಾಗಿ ಹುಟ್ಟದೆ ಒಂದು ಫೋನು ತಪ್ಪಿತಲ್ಲ ಎಂದು ನನಗೆ ಮಾತ್ರ ಹೊಟ್ಟೆ ಉರಿಯುತ್ತಿತ್ತು.

ಒಂದು ಭಾನುವಾರ ಅವಳು ಫೋನನ್ನು ಅಡುಗೆಮನೆಯಲ್ಲೇ ಮರೆತು ಹೊರಗೆ ಹೋಗಿದ್ದಳು. ಅಕ್ಕನ ಕರೆ ಬಂತು. ಎತ್ತಿಕೊಂಡು ಅವಳದೇ ದನಿಯಲ್ಲಿ, "ಊಟ ಆಯ್ತು ಅಕ್ಕ, ಅನ್ನ ಸಾರು" ಎಂದೆ.

ಆ ಕಡೆಯಿಂದ ಅಕ್ಕ ಎಂದರು:

"ಅವಳು ನನ್ನೆದುರಿಗೇ ಊಟಕ್ಕೆ ಕೂತಿದಾಳೆ ಕಣೋ. ಫೋನ್ ಎಲ್ಲಿ ಬಿಟ್ಟಳೋ ಅಂತ ರಿಂಗ್ ಮಾಡ್ದೆ."

ಹಿಂದಿನಿಂದ ಅವಳ ನಗು ಕೇಳಿಸಿತು. ಫೋನಿಟ್ಟು ಓಡಿಹೋಗೋಣವೆನಿಸಿತು. ಅಷ್ಟರಲ್ಲಿ ಅಕ್ಕ ಕೇಳಿದರು:

"ನಿಂದು ಊಟ ಆಯ್ತಾ? ಸುಳ್ಳು ಹೇಳ್ಬೇಡ."



"ಇಲ್ಲ ಅಕ್ಕ, ಬರೀ ಬ್ರೆಡ್ಡು" ಎಂದೆ, ನನ್ನದೇ ದನಿಯಲ್ಲಿ.