ಗೋಡೆಗೆ ಹೋದ ಮೂರು ಅಡಿ

ಸಿಂಧನೂರಿನಲ್ಲಿ ನಾವು ಕೊಂಡ ಜಾಗ ರಸ್ತೆಯ ಕಡೆಗೆ ಹದಿನೈದು ಅಡಿ, ಒಳಕ್ಕೆ ನಲವತ್ತು. ಎಡಕ್ಕೂ ಬಲಕ್ಕೂ ಆಗಲೇ ಮನೆಗಳು ಎದ್ದಿದ್ದವು. ಮೊದಲ ದಿನ ಟೇಪು ಹಿಡಿದು ಅಳೆದವಳು ನಾನೇ. ಎಲ್ಲವನ್ನೂ ಬರೆದಿಡುವ ಅಭ್ಯಾಸ ನನ್ನದು, ಹೀಗಾಗಿ ಆ ಅಳತೆ ದಿನಚರಿಯಲ್ಲಿದೆ. ಅದರ ಕೆಳಗೇ ಅವ್ವ ಅಂದು ಆಡಿದ ಮಾತೂ ಇದೆ: "ಮನಿ ಹೆಂಗರ ಕಟ್ಟಸ್ರಿ, ಮುಂದ ನನಗೊಂದು ಕಟ್ಟಿ ಇರಬೇಕು."

ಅಪ್ಪ ಹಟ್ಟಿಯ ಚಿನ್ನದ ಗಣಿಯಲ್ಲಿ, ನೆಲದ ಕೆಳಗೆ ದುಡಿದವನು. ನಾನು ಬೆಳೆದದ್ದು ಅಲ್ಲಿಯ ಕ್ವಾರ್ಟರ್ಸಿನಲ್ಲಿ. ನಮ್ಮ ಸಾಲಿನಲ್ಲಿ ಎರಡು ಮನೆಗಳಿಗೆ ಒಂದರಂತೆ ಬಾಗಿಲ ಮುಂದೆ ಕಲ್ಲಿನ ಕಟ್ಟೆಗಳಿದ್ದವು. ಪಾಳಿ ಬಿಡುವ ಹೊತ್ತಿಗೆ ಅಕ್ಕಪಕ್ಕದ ಹೆಂಗಸರೆಲ್ಲ ಅಲ್ಲಿ ಬಂದು ಕೂಡುತ್ತಿದ್ದರು. ಮೊರದಲ್ಲಿ ತೊಗರಿ ಇರುತ್ತಿತ್ತು, ಬಾಯಲ್ಲಿ ಊರ ಸುದ್ದಿ. ಕಣ್ಣು ಮಾತ್ರ ರಸ್ತೆಯ ತಿರುವಿನ ಮೇಲೆ. ತಮ್ಮವರು ಕಂಡ ಕೂಡಲೇ ಒಬ್ಬೊಬ್ಬರೇ ಎದ್ದು ಒಳಗೆ ಹೋಗುತ್ತಿದ್ದರು. ನಮ್ಮವ್ವ ಅಲ್ಲಿ ಅರ್ಧ ಆಯುಷ್ಯ ಕೂತವಳು.

ಅಪ್ಪ ನಿವೃತ್ತನಾದ ಮೇಲೆ ಕ್ವಾರ್ಟರ್ಸ್ ಬಿಡಬೇಕಾಯಿತು. ನನಗೆ ಮಸ್ಕಿಯ ಶಾಲೆಯಲ್ಲಿ ಕೆಲಸ, ಸಿಂಧನೂರಿನಿಂದ ಬಸ್ಸು ಸಲೀಸು. ಸಂತೆಕಲ್ಲೂರಿನಲ್ಲಿ ಹುಟ್ಟಿ ಹಟ್ಟಿಯಲ್ಲಿ ಬಾಳಿದ ಅವ್ವನಿಗೆ ಮಾತ್ರ ಇಲ್ಲಿ ಒಬ್ಬರ ಗುರುತೂ ಇರಲಿಲ್ಲ. ಅಪ್ಪ ಚೇಷ್ಟೆ ಮಾಡಿದ: ಕಟ್ಟೆ ಯಾಕೆ ಬೇಕು, ಇನ್ನು ನಾನು ದಿನವಿಡೀ ಮನೆಯಲ್ಲೇ ಇರುತ್ತೇನೆ, ಯಾರ ದಾರಿ ಕಾಯುತ್ತೀ?

"ಕಾಯಾಕ ಅಲ್ರೀ," ಎಂದಳು ಅವ್ವ. "ಕುಂದ್ರಾಕ."

ಮನೆಯ ಮೊದಲ ನಕ್ಷೆಯನ್ನು ಅಪ್ಪನೇ ಬರೆದ. ಸಹಿ, ಮೊಹರು, ಪರವಾನಗಿ ಎಲ್ಲ ಆಮೇಲೆ, ಮೊದಲು ನಮ್ಮದು ನಮಗೆ ಸರಿ ಬರಲಿ ಎಂಬುದು ಅವನ ವಾದ. ರಸ್ತೆಯಿಂದ ಒಳಕ್ಕೆ ಕಟ್ಟೆ ಮೂರು ಅಡಿ, ಪಡಸಾಲೆ ಹದಿನಾಲ್ಕು, ನಡುವಿನ ಕೋಣೆ ಹತ್ತು, ಅಡುಗೆಮನೆ ಎಂಟು, ಬಚ್ಚಲು ಐದು. ಮಾಳಿಗೆಯ ಮೆಟ್ಟಿಲು ಪಡಸಾಲೆಯ ಮೂಲೆಯಲ್ಲಿ. ನಾನು ಕೂಡಿಸಿ ನೋಡಿದೆ. ಸರಿಯಾಗಿ ನಲವತ್ತು. ಪಕ್ಕದಲ್ಲಿ ಕೆಂಪು ಪೆನ್ನಿನಿಂದ ಸರಿ ಗುರುತು ಹಾಕಿ, ಶಾಲೆಯ ರೂಢಿಯಂತೆ ಕೆಳಗೊಂದು ಗೆರೆಯನ್ನೂ ಎಳೆದೆ.

ನಮ್ಮದು ಬೌದ್ಧರ ಮನೆ, ವಾಸ್ತು ನೋಡುವ ಪದ್ಧತಿ ಇಲ್ಲ. ಎಡಬದಿಯ ಮನೆಯಾಕೆ ಮೊದಲ ಸಲ ಮಾತಾಡಿಸಲು ಬಂದವಳು, ಬಾಗಿಲು ಯಾವ ದಿಕ್ಕಿಗೆ ಇಡುತ್ತೀರಿ ಎಂದು ಕೇಳಿದಳು. ರಸ್ತೆ ಇರುವ ದಿಕ್ಕಿಗೆ ಎಂದ ಅಪ್ಪ. ಹದಿನೈದು ಅಡಿಯಲ್ಲಿ ಬೇರೆ ದಿಕ್ಕು ಎಲ್ಲಿಂದ ತರುತ್ತೀರಿ ಎಂದು ಆಕೆಯೂ ನಕ್ಕಳು. ಅವ್ವನಿಗೆ ಸಿಂಧನೂರಿನಲ್ಲಿ ಸಿಕ್ಕ ಮೊದಲ ಗೆಳತಿ ಆಕೆಯೇ.

ಗುರುತು ಹಾಕುವ ದಿನ ವಳಕಮದಿನ್ನಿಯಿಂದ ಗೌಂಡಿ ಬಂದ. ಮನೆ ಕಟ್ಟುವ ಕೆಲಸ ಅವನಿಗೇ ವಹಿಸಿದ್ದೆವು. ಅಪ್ಪನ ಕಾಗದ ನೋಡಿ, ಹಿಂದಿನಿಂದ ಮುಂದಕ್ಕೆ ದಾರ ಕಟ್ಟುತ್ತ, ನೆಲದ ಮೇಲೆ ಸುಣ್ಣದ ಪುಡಿ ಉದುರಿಸುತ್ತ ಬಂದ. ಬಚ್ಚಲಾಯಿತು, ಅಡುಗೆಮನೆಯಾಯಿತು, ಕೋಣೆಯಾಯಿತು. ಪಡಸಾಲೆ ಮುಗಿಯುವ ಹೊತ್ತಿಗೆ ನಮ್ಮ ಜಾಗವೂ ಮುಗಿದಿತ್ತು. ಅವನು ನಿಲ್ಲಲಿಲ್ಲ. ಕಾಗದದಲ್ಲಿ ಇದ್ದದ್ದನ್ನು ಬರೆಯಲೇಬೇಕಲ್ಲ ಎಂಬಂತೆ ಅವ್ವನ ಕಟ್ಟೆಯನ್ನೂ ಹಾಕಿದ. ಅದು ಚರಂಡಿಯ ಬಂಡೆಗಳನ್ನು ದಾಟಿ ರಸ್ತೆಗೆ ಇಳಿಯಿತು. ಅಷ್ಟರಲ್ಲಿ ಒಂದು ಆಟೋ ಬಂದು, ಕಟ್ಟೆಯ ಒಂದು ಮೂಲೆಯನ್ನು ಗಾಲಿಗೆ ಹಚ್ಚಿಕೊಂಡು ಹೋಯಿತು.

ಗೌಂಡಿ ಕಾಗದವನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದ. "ಅಣ್ಣಾರ, ಗ್ವಾಡಿ ಎಲ್ಲಿ ಬರದೀರಿ?"

ಅಪ್ಪ ಸುಣ್ಣದ ಗೆರೆಗಳನ್ನು ಹಿಂದಿನಿಂದ ಮುಂದಕ್ಕೆ ಒಮ್ಮೆ ನೋಡಿದ. ಆಮೇಲೆ ನಗತೊಡಗಿದ.

"ನಮ್ಮ ಗಣ್ಯಾಗ ಗ್ವಾಡಿಗಿ ಯಾರೂ ಅಳತಿ ಹಿಡಿಯಂಗಿಲ್ಲಪಾ. ತೆಗದಿದ್ದಷ್ಟಾ ಅಳತಿ."

ಗಣಿಯಲ್ಲಿ ಕಲ್ಲು ತೆಗೆದು ಮಾಡಿದ ಖಾಲಿ ಜಾಗವನ್ನು ಅಳೆಯುತ್ತಾರೆ. ಗೋಡೆ ಅಲ್ಲಿ ಮೊದಲೇ ಇರುತ್ತದೆ, ಇಡೀ ಭೂಮಿಯೇ ಗೋಡೆ, ಅದಕ್ಕೆ ಯಾರೂ ಜಾಗ ಬಿಡಬೇಕಿಲ್ಲ. ನಮ್ಮ ಮನೆಗೆ ಹಿಂದೆ ಮುಂದೆ ಒಂಬತ್ತು ಇಂಚಿನ ಎರಡು ಗೋಡೆ, ನಡುವೆ ಆರು ಇಂಚಿನ ಮೂರು ಗೋಡೆ ಬರಬೇಕಿತ್ತು. ಕೂಡಿಸಿದರೆ ಮೂರು ಅಡಿ. ಕಟ್ಟೆಯೂ ಮೂರೇ ಅಡಿ. ಸರಿ ಗುರುತು ಹಾಕಿದ್ದ ನನ್ನ ಕಡೆ ಅವ್ವ ಒಮ್ಮೆ ತಿರುಗಿ ನೋಡಿದಳು. ಸೆರಗಿನಲ್ಲಿ ನಕ್ಕಳೋ ಏನೋ.

ಚರಂಡಿಯ ಮೇಲೇ ಕಟ್ಟೆ ಕಟ್ಟಿಬಿಡಿ, ಓಣಿಯಲ್ಲಿ ಅರ್ಧ ಮಂದಿ ಹಾಗೆಯೇ ಮಾಡಿದ್ದಾರೆ ಎಂದು ಪಕ್ಕದ ಮನೆಯಾಕೆ ಸಲಹೆ ಕೊಟ್ಟಳು. ಅಪ್ಪ ಒಪ್ಪಲಿಲ್ಲ, ಚರಂಡಿ ತೆಗೆಯುವವರು ಬಂಡೆ ಹೇಗೆ ಎತ್ತಬೇಕು ಎಂದ. ಅವ್ವನೂ ಒಪ್ಪಲಿಲ್ಲ. ಯಾವ ದಿನ ಬಂದು ಕಿತ್ತುಹಾಕುತ್ತಾರೋ ಎಂದು ಹೆದರುತ್ತ ಕೂಡುವ ಕಟ್ಟೆ ತನಗೆ ಬೇಡವೆಂದಳು.

ಅಗಲದಲ್ಲೂ ಅದೇ ಕತೆ. ಎರಡೂ ಬದಿಯ ಗೋಡೆ ಲೆಕ್ಕಕ್ಕೆ ಹಿಡಿದ ಮೇಲೆ ಪಡಸಾಲೆಯಲ್ಲಿ ಮೆಟ್ಟಿಲು ಹಾಕಿದರೆ ಮಂಚ ಒಳಗೆ ಬರುವಂತಿರಲಿಲ್ಲ. ಮೆಟ್ಟಿಲನ್ನು ಹೊರಗೆ ತರದೆ ಗತಿಯಿಲ್ಲ ಎಂದ ಗೌಂಡಿ. ಪಡಸಾಲೆಯನ್ನು ಹನ್ನೊಂದು ಅಡಿಗೆ ಇಳಿಸಿದೆವು. ಮುಂದೆ ಮೂರು ಅಡಿ ಮರಳಿ ಸಿಕ್ಕಿತು. ಎಡಕ್ಕೆ ಬಾಗಿಲು, ಬಾಗಿಲ ಪಕ್ಕದಿಂದ ಗೋಡೆಗೆ ಹತ್ತಿಕೊಂಡು ಬಲಕ್ಕೆ ಏರುವ ಮೆಟ್ಟಿಲು, ಮೆಟ್ಟಿಲು ಎತ್ತರವಾಗುವ ಕಡೆ, ಅದರ ಕೆಳಗೆ ಅಪ್ಪನ ಬೈಕು. ಎಲ್ಲವೂ ಕೂತಿತು, ಕಟ್ಟೆಯೊಂದನ್ನು ಬಿಟ್ಟು.

"ಮೆಟ್ಲಕ ಜಾಗ ಐತಿ, ಗಾಡಿಗಿ ಜಾಗ ಐತಿ," ಎಂದಳು ಅವ್ವ. ಅಪ್ಪ ಬೈಕಿನ ಸೀಟನ್ನು ಒರೆಸುತ್ತ ಕೇಳದವನಂತೆ ಇದ್ದ. ಆ ಬೈಕಿನ ಮೇಲೆ ಅವನಿಗೆ ಭಾರಿ ಜೀವ. ಹಟ್ಟಿಯಲ್ಲೂ ಅದು ಒಂದು ದಿನ ಬಿಸಿಲಲ್ಲಿ ನಿಂತದ್ದಿಲ್ಲ.

ಪಾಯ ಮುಗಿದು ಇಟ್ಟಿಗೆ ಬಂದ ಮೇಲೆ ಅವ್ವ ತಾನೇ ಒಂದು ಕಟ್ಟೆ ಕಂಡುಕೊಂಡಳು. ರಸ್ತೆಯ ಬದಿ ಒಟ್ಟಿದ್ದ ಇಟ್ಟಿಗೆಯ ಮೇಲೆ ಗೋಣಿಚೀಲ ಹಾಸಿ, ಕೆಲಸ ನೋಡುವ ನೆವದಲ್ಲಿ ದಿನಾ ಸಂಜೆ ಅಲ್ಲಿ ಕೂಡುತ್ತಿದ್ದಳು. ಪಕ್ಕದ ಮನೆಯಾಕೆ ಜೊತೆಗೆ ಬಂದಳು. ಆಕೆಯ ಹಿಂದೆ ಎದುರು ಮನೆಯವರು. ನಾನು ಮಸ್ಕಿಯಿಂದ ಬರುವ ಹೊತ್ತಿಗೆ ಅಲ್ಲಿ ನಾಲ್ಕು ಜನರ ಸಭೆ ಸೇರಿರುತ್ತಿತ್ತು. ನನ್ನ ದಿನಚರಿಯ ಲೆಕ್ಕ ಕೆಡತೊಡಗಿದ್ದು ಆಗ. ಕೆಲಸದವರ ಚಹಾ ಎಷ್ಟು, ಸಭೆಯ ಚಹಾ ಎಷ್ಟು ಎಂದು ಬೇರೆ ಮಾಡಲು ಆಗಲಿಲ್ಲ. ಕೊನೆಗೆ 'ಚಹಾ' ಎಂದಷ್ಟೇ ಬರೆದೆ.

ತೊಂದರೆ ಏನೆಂದರೆ, ಆ ಕಟ್ಟೆ ದಿನಾ ಗೋಡೆಗೆ ಹೋಗುತ್ತಿತ್ತು. ಗೌಂಡಿ ಬಂದು "ಯಕ್ಕಾ, ಸ್ವಲ್ಪ ಏಳ್ರಿ" ಎನ್ನುವನು, ಹೆಂಗಸರು ಏಳುವರು, ಇಟ್ಟಿಗೆಯ ಒಂದು ವರಸೆ ಹೋಗುವುದು, ಅವರು ಮತ್ತೆ ಕೂಡುವರು. ಮನೆ ಮೇಲೇರಿದಂತೆ ಅವರು ಕೆಳಗಿಳಿದರು. ಗೋಡೆ ಬಾಗಿಲ ಎತ್ತರಕ್ಕೆ ಬಂದಾಗ ಅವ್ವನ ಮೊಣಕಾಲು ಎದೆಗೆ ತಾಗುತ್ತಿದ್ದವು.

"ನಿನ್ನ ಮನಿ ಮುಗಿದ್ರ ನಾವು ನೆಲಕ್ಕ ಬರ್ತೀವಿ ನೋಡಬೇ," ಎಂದು ಪಕ್ಕದ ಮನೆಯಾಕೆ ನಕ್ಕಳು. ಅವ್ವ ನಗಲಿಲ್ಲ. ಅಪ್ಪ ಸ್ವಲ್ಪ ದೂರದಲ್ಲಿ ಗೋಡೆಗೆ ನೀರು ಹೊಡೆಯುತ್ತಿದ್ದ. ನೀರು ಒಂದೇ ಜಾಗಕ್ಕೆ ಬಹಳ ಹೊತ್ತು ಬಿತ್ತು.

ಮೆಟ್ಟಿಲಿನ ಕಾಂಕ್ರೀಟು ಗಟ್ಟಿಯಾಗಿ, ಕೆಳಗಿನ ಹಲಗೆಗಳನ್ನು ಬಿಚ್ಚಿದ ದಿನ ಭಾನುವಾರ, ನಾನೂ ಇದ್ದೆ. ಎಲ್ಲರೂ ಮೇಲೆ ಹತ್ತಿ ಮಾಳಿಗೆ ನೋಡಲು ಹೊರಟರೆ ಅಪ್ಪ ಮೆಟ್ಟಿಲ ಕೆಳಗೆ ನುಗ್ಗಿದ. ಕೈಯಲ್ಲಿ ಒಂದು ಕಬ್ಬಿಣದ ಸರಳು. ಗಣಿಯಲ್ಲಿ ಹೊಸ ಜಾಗದಲ್ಲಿ ನಿಲ್ಲುವ ಮೊದಲು ತಲೆ ಮೇಲಿನ ಕಲ್ಲನ್ನು ತಟ್ಟಿ ಸದ್ದು ಕೇಳುವುದು ಅವರ ಪದ್ಧತಿ. ಸಡಿಲವಿದ್ದರೆ ಡೊಳ್ಳಿನಂತೆ ಪೊಳ್ಳು ಸದ್ದು, ಗಟ್ಟಿ ಇದ್ದರೆ ಗಂಟೆಯಂತೆ. ಅಪ್ಪ ಕಿವಿ ಓರೆ ಮಾಡಿ, ಒಂದು ತುದಿಯಿಂದ ಇನ್ನೊಂದು ತುದಿಗೆ ತಟ್ಟುತ್ತ ಹೋದ. ಗೌಂಡಿಗೆ ಸ್ವಲ್ಪ ಮುಜುಗರವಾಯಿತು. ಅಪ್ಪ ಹೋದ ಹಾಗೇ ತಟ್ಟುತ್ತ ಬಂದು, ನಾಲ್ಕು ಇಟ್ಟಿಗೆ ಎಳೆದುಕೊಂಡು ಅಲ್ಲೇ ಕೂತ. ತಲೆಯ ಮೇಲೆ ನೆರಳು, ಬೆನ್ನಿಗೆ ಗೋಡೆ, ಎದುರಿಗೆ ರಸ್ತೆ. ತನ್ನ ಬೈಕಿಗೆಂದು ಬಿಟ್ಟ ಜಾಗವನ್ನು ಎಡಕ್ಕೂ ಬಲಕ್ಕೂ ತಿರುಗಿ ನೋಡಿದ. ಆಮೇಲೆ ಅವ್ವನನ್ನು ಕರೆದ.

"ಗಟ್ಟಿ ಐತಿ," ಎಂದು ಪಕ್ಕದ ಜಾಗ ತಟ್ಟಿದ. "ಬಾ, ಕುಂದ್ರು."

"ಗಾಡಿ?"

"ಗಾಡಿಗೇನು ಮಾತಾಡಾಕ ಮಂದಿ ಬೇಕಾ? ಒಳಗ ನಿಂದ್ರತೈತಿ."

ಮರುವಾರ ಅಪ್ಪ, ನಾನು ಲಿಂಗಸೂಗೂರಿಗೆ ಹೋಗಿ ಮೆಟ್ಟಿಲ ಕೆಳಗಿನ ಕಟ್ಟೆಗೆಂದು ನಾಲ್ಕು ಜನ ಕೂಡುವಷ್ಟು ಉದ್ದದ ಬಂಡೆ ಆರಿಸಿದೆವು. ಈ ಸಲ ನಾನು ಗೋಡೆ, ಗೋಡೆಗೆ ಮೆತ್ತುವ ಗಿಲಾಯ ಎಲ್ಲ ಕಳೆದು, ಎರಡೆರಡು ಸಲ ಅಳೆದುಕೊಂಡು ಹೋಗಿದ್ದೆ. ಅಂಗಡಿಯಲ್ಲಿ ಅಪ್ಪ ಬಂಡೆಯ ಮೇಲೂ ಸರಳಿನಿಂದ ತಟ್ಟಿದ.

ಪಂಚಶೀಲ ಹೇಳಿ ಹೊಸ ಮನೆ ಹೊಕ್ಕ ದಿನ, ಬಂದವರೆಲ್ಲ ಮೊದಲು ಕಂಡದ್ದು ಪಡಸಾಲೆಯಲ್ಲಿ ಬುದ್ಧನ ಪಟದ ಕೆಳಗೆ ಒರಗಿ ನಿಂತ ಬೈಕನ್ನು. ಅದನ್ನು ಒಳಗೆ ಹತ್ತಿಸಲು ಹೊಸ್ತಿಲಿಗೆ ಇಳಿಜಾರು ಮಾಡಿಸಿದ್ದಾಯಿತು. ಹನ್ನೊಂದು ಅಡಿಯ ಪಡಸಾಲೆಯಲ್ಲಿ ಅದಕ್ಕೆ ಸುತ್ತು ಹಾಕಿಯೇ ನಡೆಯಬೇಕು. ಕಾಲಿಗೆ ಬೈಕಿನ ಕಿಕ್ಕರು ಬಡಿದಾಗಲೆಲ್ಲ ನಾನು ದಿನಚರಿಯಲ್ಲಿ ಒಂದು ಗೀಟು ಹಾಕುತ್ತಿದ್ದೆ, ಈಗ ಬಿಟ್ಟಿದ್ದೇನೆ.

ಸಂಜೆ ಬಸ್ಸಿಳಿದು ಓಣಿಯ ತಿರುವಿಗೆ ಬಂದರೆ ಮೆಟ್ಟಿಲ ಕೆಳಗೆ ನಾಲ್ವರು ಕಾಣುತ್ತಾರೆ. ಮೊದಲ ದಿನ ನನ್ನನ್ನು ಕಂಡು ಅವ್ವ ಏಳುತ್ತಾಳೆ ಎಂದುಕೊಂಡಿದ್ದೆ, ಹಳೆಯ ರೂಢಿ. ಅವಳು ಕಾಲು ಸರಿಸಿ ನನಗೆ ದಾರಿ ಬಿಟ್ಟಳು, ಅಷ್ಟೇ.

"ನಿಮ್ಮಪ್ಪ ಒಳಗ ಚಾ ಇಟ್ಟಾರ," ಎಂದಳು. "ನಮಗೂ ನಾಕು ಕಪ್ ತರಾಕ ಹೇಳು."