ಸೊನ್ನೆಗೆ ಮರಳದ ಗಿಟಾರು

ಕೈ ಸುಮ್ಮನಿರದ ಜಾತಿಯ ಮನುಷ್ಯ ನಾನು. ಎದುರಿಗೆ ಹಿಡಿಕೆ ಕಂಡರೆ ಒತ್ತಬೇಕು, ತಿರುಪು ಕಂಡರೆ ತಿರುವಬೇಕು. ಯಾರದಾದರೂ ಮನೆಗೆ ಹೋದಾಗ ಅವರ ರೇಡಿಯೋದಿಂದ ನನ್ನನ್ನು ದೂರ ಕೂರಿಸುವುದೇ ನನ್ನ ಹೆಂಡತಿ ಇಂದುಮತಿಯ ಮೊದಲ ಕೆಲಸ. ಇಂಥವನಿಗೆ ದೇವರು ಹಿಡಿಕೆ ಇರುವ ಗಿಟಾರನ್ನು ಕೊಡಬಾರದಿತ್ತು. ಕೊಟ್ಟ.

ಎಪ್ಪತ್ತರ ದಶಕದ ಮೊದಲ ವರ್ಷಗಳ ಮಾತು. ನಾನು ಓಝರ್ ಬಳಿಯ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದೆ. ನಾಸಿಕ್ ರೋಡಿನಲ್ಲಿದ್ದ ಗೋವೆಯ ಬ್ಯಾಂಡಿನವನೊಬ್ಬ ಊರು ಬಿಡುವಾಗ ತನ್ನ ಎಲೆಕ್ಟ್ರಿಕ್ ಗಿಟಾರನ್ನು ನನ್ನ ಕೊರಳಿಗೆ ಕಟ್ಟಿ ಹೋದ. ಅದರ ತಂತಿಗಳು ಬುಡದಲ್ಲಿ ಒಂದು ಲೋಹದ ಸೇತುವೆಯ ಮೇಲೆ ಕೂತಿದ್ದವು. ಈ ಸೇತುವೆ ಅಲುಗಾಡುವಂಥದ್ದು. ಅದಕ್ಕೊಂದು ಉದ್ದನೆಯ ಹಿಡಿಕೆ, ಬೆನ್ನಿಗೆ ಸ್ಪ್ರಿಂಗುಗಳು. ಹಿಡಿಕೆ ಒತ್ತಿದರೆ ತಂತಿ ಸಡಿಲಾಗಿ ಸ್ವರ ಜೋತುಬೀಳುತ್ತದೆ, ಎತ್ತಿದರೆ ಬಿಗಿದು ಮೇಲೇರುತ್ತದೆ. ಕೈ ಬಿಟ್ಟ ಕೂಡಲೇ ಸ್ಪ್ರಿಂಗು ಎಲ್ಲವನ್ನೂ ಮೊದಲಿದ್ದ ಜಾಗಕ್ಕೆ ತರಬೇಕು. ತರಬೇಕು ಎಂದೆನೇ ಹೊರತು ತರುತ್ತದೆ ಎನ್ನಲಿಲ್ಲ.

ಒತ್ತಿದಾಗ ಸಾ ಎಂಬುದು ಜಾರಿ ಜಾರಿ ಕೆಳಗಿನ ಪಾ ವರೆಗೂ ಹೋಗುತ್ತಿತ್ತು. ಎತ್ತಿದರೆ ಮಾತ್ರ ಏದುಸಿರು ಬಿಡುತ್ತ ರೀ ಮುಟ್ಟಿ ನಿಂತುಬಿಡುತ್ತಿತ್ತು. ಇಳಿಯಲಿಕ್ಕೆ ಮೂರು ಮೆಟ್ಟಿಲು, ಏರಲಿಕ್ಕೆ ಒಂದೇ! ಇದನ್ನು ಮಾಡಿದವನಿಗೆ ಮನುಷ್ಯಸ್ವಭಾವ ಚೆನ್ನಾಗಿ ಗೊತ್ತಿದ್ದಿರಬೇಕು. ನಮ್ಮ ಗವಾಯಿಗಳು ಇದೇ ಕೆಲಸವನ್ನು ಗಂಟಲಿನಿಂದ, ಸಿತಾರಿನವರು ಬೆರಳಿನಿಂದ ಮಾಡುತ್ತಾರೆ. ಅಲ್ಲಿ ಸ್ಪ್ರಿಂಗಿಲ್ಲ, ಜಾರಿದವನು ತಾನೇ ಎದ್ದು ಬರಬೇಕು. ನಾನು ಈ ತತ್ವವನ್ನು ಮನೆಯಲ್ಲಿ ದಿನಾ ಸಂಜೆ ಪ್ರಯೋಗ ಮಾಡಿ ತೋರಿಸುತ್ತಿದ್ದೆ. ಐದು ವರ್ಷದ ಮಗಳು ಕಿವಿ ಮುಚ್ಚಿಕೊಂಡು "ಬಾಬಾ, ಪುರೇ!" ಎಂದು ಮರಾಠಿಯಲ್ಲೇ ಸಾಕುಮಾಡಿಸುತ್ತಿದ್ದಳು.

ಇಂದುಮತಿ ನಿಜವಾದ ಹಾಡುಗಾರ್ತಿ. ಧಾರವಾಡದಲ್ಲಿ ಮದುವೆಯ ತನಕ ಕಲಿತವಳು. ಆಗ ಅವಳ ಶ್ರುತಿ ಕರಿ ನಾಲ್ಕು, ಅಂದರೆ ಹಾರ್ಮೋನಿಯಂನ ನಾಲ್ಕನೆಯ ಕರಿ ಮನೆ. ಮದುವೆಯಾಯಿತು, ಮಗುವಾಯಿತು, ಏಳು ವರ್ಷ ಬಾಯಿ ತೆರೆದು ಹಾಡಿರಲಿಲ್ಲ. ಅಷ್ಟರಲ್ಲಿ ಔರಂಗಾಬಾದಿನ ಕನ್ನಡ ಸಂಘದಿಂದ ಅವಳಿಗೆ ಹಾಡಲು ಕರೆ ಬಂತು. ಬೀದರ, ಕಲಬುರ್ಗಿ ಕಡೆಯ ವ್ಯಾಪಾರಸ್ಥರೂ ನೌಕರಸ್ಥರೂ ಸೇರಿ ಕಟ್ಟಿಕೊಂಡ ಸಂಘ. ಅವಳು ಎರಡು ದಿನ ಯೋಚಿಸಿ ಒಪ್ಪಿದಳು.

"ಬಿಳಿ ಐದಕ್ಕ ಹಾಡ್ತೀನಿ. ಮದಲಿನಗತೆ ದನಿ ಮ್ಯಾಲ ಹೋಗೂದಿಲ್ಲ. ಮಂದ್ಯಾಗ ಒಡೀತಂದ್ರ ಮತ್ತ ಜನ್ಮದಾಗ ಹಾಡೂದಿಲ್ಲ, ಹೇಳಿರ್ತೀನಿ" ಎಂದಳು. ಬಿಳಿ ಐದು ಎಂದರೆ ಕರಿ ನಾಲ್ಕಕ್ಕಿಂತ ಒಂದು ಮನೆ ಕೆಳಗೆ. ತಮಾಷೆಗೆ ಹೇಳಿದ ಮಾತಲ್ಲ ಅದು.

ಸಂಘದ ಹಾರ್ಮೋನಿಯಂ ಯಾರದೋ ಮದುವೆಗೆ ಹೋಗಿದ್ದು ಇನ್ನೂ ತಿರುಗಿ ಬಂದಿರಲಿಲ್ಲವಂತೆ. ಶ್ರುತಿಗೆ ಗಿಟಾರು ಇದೆಯಲ್ಲ ಎಂದು ನಾನೇ ಮುಂದೆ ಬಿದ್ದೆ. "ಸಾ ಪಾ ಅಷ್ಟ ಮೀಟ್ರಿ. ಆ ಹಿಡಿಕಿ ಮುಟ್ಟಬ್ಯಾಡ್ರಿ" ಎಂದಳು. ಮುಟ್ಟಿದರೂ ಅಪಾಯವಿಲ್ಲ ಎಂದು ಸಾಧಿಸಿ ತೋರಿಸುವ ಹಟ ನನಗೆ ಹುಟ್ಟಿತು.

ವಿಮಾನದ ಕೆಲಸದಲ್ಲಿ ಒಂದು ಪದ್ಧತಿ ಇದೆ. ಕೆಲಸ ಮಾಡಿದವನು ತನ್ನ ಕೆಲಸವನ್ನು ತಾನೇ ಪಾಸು ಮಾಡುವಂತಿಲ್ಲ, ಇನ್ನೊಬ್ಬರು ನೋಡಬೇಕು. ನಾನು ಸ್ಪ್ರಿಂಗು ಬಿಗಿಮಾಡಿ, ತಿರುಪಿಗೆ ಎಣ್ಣೆ ಹಾಕಿ, ನೆರೆಮನೆಯಲ್ಲಿದ್ದ ಕಾರ್ಖಾನೆಯ ಇನ್ಸ್‌ಪೆಕ್ಟರ್ ಬಿರಾದಾರರನ್ನು ಕರೆದೆ. ಶಹನಾಯಿಗೂ ಕಾರ್ಖಾನೆಯಲ್ಲಿ ಪಾಳಿಗೆ ಕೂಗುವ ಭೋಂಗಾಕ್ಕೂ ವ್ಯತ್ಯಾಸ ತಿಳಿಯದ ಸಜ್ಜನರು ಅವರು. ಎಳ್ಳಷ್ಟು ಸರಿದರೂ ಸೂಜಿಯಿಂದ ತೋರಿಸುವ ತಮ್ಮ ಸ್ವಂತದ ಡಯಲ್ ಗೇಜನ್ನು ತಂದು ಗಿಟಾರಿನ ಸೇತುವೆಗೆ ತಾಗಿಸಿ ಕೂತರು. ನಾನು ಹತ್ತು ಸಲ ಒತ್ತಿ ಬಿಟ್ಟೆ. ಹತ್ತೂ ಸಲ ಸೂಜಿ ಸೊನ್ನೆಗೆ ಬಂದು ನಿಂತಿತು.

"ಕೂದಲೆಳಿ ಫರಕಿಲ್ಲರೀ ದೇಸಾಯ್ರ. ಪಾಸ್!"

ಅಡುಗೆಮನೆಯಿಂದ ಇಂದುಮತಿ ಹೇಳಿದಳು, "ಸೂಜಿ ಬಂದದ, ಸ್ವರ ಬಂದಿಲ್ಲರಿ. ಮ್ಯಾಲ ಉಳದದ."

"ವೈನೀ, ಇದು ಮಿಲಿಮೀಟರಿನಾಗ ನೂರು ಪಾಲು ಮಾಡಿ ತೋರಸ್ತದರೀ" ಎಂದು ಬಿರಾದಾರರು ಗೇಜನ್ನು ಎತ್ತಿ ಹಿಡಿದರು. ಅವಳು ಮತ್ತೆ ರೊಟ್ಟಿ ಬಡಿಯತೊಡಗಿದಳು. ಯಂತ್ರಕ್ಕೂ ಕಿವಿಗೂ ವ್ಯಾಜ್ಯ ಬಿದ್ದಾಗ ನಾವು ಕಾರ್ಖಾನೆಯವರು ಯಾರ ಕಡೆ ನಿಲ್ಲುತ್ತೇವೆ ಎಂಬುದು ಅವಳಿಗೆ ಗೊತ್ತಿತ್ತು.

ಆಮೇಲೆ ತಿಳಿದದ್ದು ಇಷ್ಟು: ದೋಷ ಸೇತುವೆಯಲ್ಲಿರಲಿಲ್ಲ, ತಂತಿಯ ಇನ್ನೊಂದು ತುದಿಯಲ್ಲಿತ್ತು. ಅಲ್ಲಿ ತಂತಿಗಳು ಒಂದು ಎಲುಬಿನ ಪಟ್ಟಿಯ ಗೀರುಗಳಲ್ಲಿ ಹಾದು, ತಿರುವಿ ಬಿಗಿಮಾಡುವ ಬಿರಟೆಗೆ ಹೋಗುತ್ತವೆ. ಸಡಿಲಾದಾಗ ತಂತಿ ಬಿರಟೆಯ ಕಡೆಗೆ ಒಂದಿಷ್ಟು ಸರಿಯುತ್ತದೆ. ಮರಳಿ ಬಿಗಿದಾಗ, ಮೊಸರು ತರಲು ಹೋದ ನಾನು ಕಟ್ಟೆಯ ಮೇಲೆ ಹರಟುತ್ತ ಕೂತಂತೆ, ಗೀರಿನಲ್ಲಿ ಸಿಕ್ಕಿಕೊಂಡು ಪೂರ್ತಿ ಹಿಂದೆ ಬರುವುದಿಲ್ಲ. ಹಾಗಾಗಿ ಸ್ವರ ಇದ್ದದ್ದಕ್ಕಿಂತ ತುಸು ಮೇಲೆ ನಿಲ್ಲುತ್ತದೆ. ಗೀರಿಗೆ ಪೆನ್ಸಿಲ್ಲಿನ ಸೀಸ ಉಜ್ಜಿದರೆ ಬಹುಪಾಲು ಸರಿಹೋಗುತ್ತದೆ. ನಾವು ಉಜ್ಜಿರಲಿಲ್ಲ.

ಮಗಳನ್ನು ಬಿರಾದಾರರ ಮನೆಯಲ್ಲಿ ಬಿಟ್ಟು ಔರಂಗಾಬಾದಿಗೆ ಹೋದೆವು. ಭಾನುವಾರ ಸಂಜೆ ಐದಕ್ಕೆ ಒಂದು ಶಾಲೆಯ ಹಾಲಿನಲ್ಲಿ ಕಾರ್ಯಕ್ರಮ. ಇಂದುಮತಿ ಭೂಪ ರಾಗದಲ್ಲಿ ಒಂದು ವಚನ ಎತ್ತಿಕೊಂಡಳು. ಕಾಲು ಗಂಟೆ ನಾನು ಸಂಭಾವಿತನಾಗಿಯೇ ಇದ್ದೆ. ಮುಂದಿನ ಸಾಲಿನಲ್ಲಿ ಯಾರೋ "ವಾಹ್!" ಎಂದರು. ಅವಳಿಗೆ ಅಂದದ್ದು. ನಾನು ಅದರಲ್ಲಿ ನನ್ನ ಪಾಲನ್ನೂ ಇಟ್ಟುಕೊಂಡು ಹಿಡಿಕೆ ಒತ್ತಿದೆ. ಸ್ವರ ಸೊಗಸಾಗಿ ಕೆಳಗಿಳಿದು, ಸೊಗಸಾಗಿ ಮೇಲೆ ಬಂದು, ಒಂದೆಳೆ ಹೆಚ್ಚೇ ಬಂದಿತು.

ಇಂದುಮತಿ ಹಾಲು ಉಕ್ಕಿದಾಗ ನೋಡುವ ಹಾಗೆ ನನ್ನನ್ನು ನೋಡಿದಳು. ನೋಡುತ್ತಲೇ ದನಿಯನ್ನು ಆ ಒಂದೆಳೆ ಏರಿಸಿಕೊಂಡಳು. ಸರಿಪಡಿಸೋಣವೆಂದು ಇನ್ನೊಮ್ಮೆ ಒತ್ತಿದೆ. ಇನ್ನಷ್ಟು ಏರಿತು. ಬಿರಟೆ ತಿರುವಿ ಇಳಿಸಬೇಕೆಂಬ ಬುದ್ಧಿ ಬರಲಿಲ್ಲ. ಬೆವೆತು ಮೂರನೆಯ ಸಲ ಒತ್ತಿದೆ. ಬಿಳಿ ಐದರ ಮನೆ ಬಿಟ್ಟು ಪಕ್ಕದ ಮನೆಗೇ ಬಂದುಬಿಟ್ಟಿದ್ದೆವು. ಅವಳು ಅಂಜುತ್ತಿದ್ದ ಮೇಲಿನ ಸಾ ಇನ್ನೂ ಮುಂದಿತ್ತು.

ಮುಗಿದಾಗ ಚಪ್ಪಾಳೆ ಬಿತ್ತು. ಬೀದರ ಕಡೆಯ ಹಿರಿಯರೊಬ್ಬರು ಎದ್ದು ಬಂದು, "ಹಿಂಗ ಶ್ರುತಿ ಪಟ್ಟಿ ಏರಿಸಿಕೋತ ಹಾಡೂದು ಎಲ್ಲಾರಿಗೂ ಬರಲ್ಲ ತಾಯಿ. ಗಿಟಾರಿನ ಸಾಥಿಯವರೂ ಛಲೋ ಹೊಂದಿಸ್ಯಾರ" ಎಂದರು. ನಾನು ನಾಚಿಕೆಯಿಲ್ಲದೆ ಕೈ ಮುಗಿದೆ.

ಮರುದಿನ ಬೆಳಿಗ್ಗೆ ಎಸ್‌.ಟಿ. ಬಸ್ಸು ವೈಜಾಪುರ ದಾಟಿತು. ನಾನು ಕ್ಷಮಾಪಣೆಯ ಮಾತನ್ನು ಮೂರು ಬಗೆಯಲ್ಲಿ ಜೋಡಿಸಿ ಇಟ್ಟುಕೊಂಡಿದ್ದೆ.

"ಕಡೀಗೆ ಎಷ್ಟಕ್ಕ ಹೋಗಿತ್ತರೀ ಶ್ರುತಿ?" ಎಂದಳು ಇಂದುಮತಿ.

"ಕರಿ ನಾಲ್ಕು" ಎಂದೆ, ಕಳುವು ಒಪ್ಪಿಕೊಳ್ಳುವವನ ದನಿಯಲ್ಲಿ.

"ನನಗೂ ಹಂಗ ಅನಿಸ್ತು." ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. "ಮ್ಯಾಲಿನ ಸಾ ಹತ್ತೇ ಬಿಟ್ಟಿತು. ಒಡೀಲಿಲ್ಲ. ಕೇಳಿದ್ರಿಲ್ಲ?"

ಮದುವೆಗೆ ಮೊದಲಿನ ಅವಳ ಶ್ರುತಿಯಲ್ಲಿ, ಏಳು ವರ್ಷಕ್ಕೆ ಬಂದ ಸ್ವರ ಅದು. ಆಗ ನಾನು ಏನು ಮಾಡುತ್ತಿದ್ದೆ? ಸ್ಪ್ರಿಂಗು ನೋಡುತ್ತಿದ್ದೆ, ಸೇತುವೆ ನೋಡುತ್ತಿದ್ದೆ, ಅವಳೊಬ್ಬಳನ್ನು ಬಿಟ್ಟು ಎಲ್ಲವನ್ನೂ ನೋಡುತ್ತಿದ್ದೆ. ಕೇಳಿದೆ ಎಂದು ಸುಳ್ಳು ಹೇಳಬಹುದಿತ್ತು.

"ಇಲ್ಲ ಇಂದೂ. ತಂತಿ ನೋಡಕೋತ ಕೂತಿದ್ದೆ."

ಬೈಯುತ್ತಾಳೆ ಎಂದುಕೊಂಡೆ. ನಕ್ಕಳು. "ಹಂಗಾದ್ರ ಈಗ ಕೇಳ್ರಿ" ಎಂದು ಸೆರಗು ಸರಿಮಾಡಿಕೊಂಡು, ಆ ತುಂಬಿದ ಬಸ್ಸಿನಲ್ಲೇ, ಸಣ್ಣ ದನಿಯಲ್ಲಿ ಅದೇ ಸಾಲನ್ನು ಎತ್ತಿಕೊಂಡಳು. ಶ್ರುತಿಗೆ ಬಸ್ಸಿನ ಎಂಜಿನ್ ಇತ್ತು, ನನ್ನ ಗಿಟಾರಿಗಿಂತ ಸ್ಥಿರವಾಗಿಯೇ ಇತ್ತು. ಮುಂದೆ ಏರು ಬಂದು ಡ್ರೈವರು ಗೇರು ಬದಲಿಸಿದ, ಎಂಜಿನ್ನಿನ ದನಿ ಮೇಲೆ ಹೋಯಿತು. ಇಂದುಮತಿ ಅದನ್ನೂ ಬಿಡಲಿಲ್ಲ, ಅದರ ಸಂಗಡವೇ ಏರಿದಳು. ಈ ಸಲ ನಾನು ಕೇಳಿದೆ.